ಪಾರ್ಕಿನ ಗಿಡ ಗುರುತಿಸುವ ಪಾಠದ ಬಗ್ಗೆ ಏಳನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಏಳನೇ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ರಸ್ತೆಯ ಪಾರ್ಕಿಗೆ ಕರೆದೊಯ್ದು ನಡೆಸುತ್ತಿರುವ ‘ಆಪತ್ತಿನಲ್ಲಿ ಆಹಾರ’ ಪಾಠದ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ, ಕೆಲವರು ಕಚೇರಿಗೇ ಬಂದು ಮಾತಾಡಿದ್ದೀರಿ. ಪೋಷಕರ ವಾಟ್ಸ್ಯಾಪ್ ಗುಂಪಿನ ಮಾತುಗಳೂ ನನ್ನ ಗಮನಕ್ಕೆ ಬಂದಿವೆ. ಎಲ್ಲರಿಗೂ ಒಂದೇ ಸಲ ಉತ್ತರ ತಲುಪಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮಗುವಿನ ವಿಷಯ. ಪಾಠವಾದ ಮೇಲಿನ ಭಾನುವಾರ ನಮ್ಮ ಇಬ್ಬರು ಮಕ್ಕಳು ತಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ ಆಡುತ್ತಿದ್ದಾಗ ಗಣಿಕೆ ಗಿಡದ ಹಸಿರು ಕಾಯಿಗಳನ್ನು ಕಿತ್ತು ತಿಂದಿದ್ದಾರೆ. ಒಬ್ಬರಿಗೆ ರಾತ್ರಿ ಹೊಟ್ಟೆನೋವು, ವಾಂತಿ ಆಗಿದೆ. ವೈದ್ಯರು ನೋಡಿ, ಉಪಚರಿಸಿ ಮನೆಗೆ ಕಳಿಸಿದ್ದಾರೆ. ಮಗು ಈಗ ಆರೋಗ್ಯವಾಗಿದೆ, ಶಾಲೆಗೂ ಬರುತ್ತಿದೆ. ಅದನ್ನು ಯಾರೂ ಆಡಿಕೊಳ್ಳದಂತೆ ತರಗತಿಯಲ್ಲಿ ನೋಡಿಕೊಳ್ಳುತ್ತಿದ್ದೇವೆ, ದಯವಿಟ್ಟು ಮನೆಗಳಲ್ಲೂ ಆ ಮಾತು ಬಾರದಿರಲಿ. ಆ ರಾತ್ರಿ ಆ ತಾಯಿ ಪಟ್ಟ ಸಂಕಟ ಏನೆಂದು ನನಗೆ ಗೊತ್ತು. ಮರುದಿನ ಅವರ ಎದುರು ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ.

ಇನ್ನು ನಿಮ್ಮ ಬೇಡಿಕೆ. “ಈ ಪಾಠವನ್ನೇ ನಿಲ್ಲಿಸಿ” ಎಂದು ಬಹಳ ಜನ ಕೇಳಿದ್ದೀರಿ. ಪಾಠ ನಿಲ್ಲುವುದಿಲ್ಲ. ಹೀಗೆ ಹೇಳುವಾಗ ನಿಮ್ಮ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದನ್ನು ದಯವಿಟ್ಟು ನಂಬಿ.

“ಪಾರ್ಕಿನ ಕಳೆ ಕಿತ್ತು ತಿನ್ನಲು ನಮ್ಮ ಮಕ್ಕಳಿಗೆ ಕಲಿಸುತ್ತಿದ್ದೀರಾ?” ಎಂದು ಒಬ್ಬ ತಂದೆ ಕೇಳಿದರು. ಇಲ್ಲ. ಪಾಠದ ಮೊದಲ ನಿಯಮವೇ ಕೀಳಬಾರದು, ಬಾಯಿಗೆ ಇಡಬಾರದು ಎಂಬುದು. ಮಕ್ಕಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಕೈಬರಹದಲ್ಲೇ ಅದು ಇದೆ, ತೆರೆದು ನೋಡಿ. ಮಕ್ಕಳು ಮಾಡುವುದು ಗಿಡವನ್ನು ನೋಡುವುದು, ಎಲೆಯ ಚಿತ್ರ ಬರೆಯುವುದು, ಹೆಸರು ಕಲಿಯುವುದು, ತಿನ್ನುವ ಗಿಡಕ್ಕೂ ವಿಷದ ಗಿಡಕ್ಕೂ ಇರುವ ವ್ಯತ್ಯಾಸ ಹೇಳುವುದು. ಇಷ್ಟನ್ನೇ.

ಆ ಗಣಿಕೆ ಗಿಡವನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅದನ್ನು ಕಾಶಿ ಸೊಪ್ಪು ಎನ್ನುತ್ತೀರಿ. ಎಲೆಯನ್ನು ಬೇಯಿಸಿ ಸಾರು ಮಾಡುತ್ತೇವೆ, ಕಪ್ಪಗೆ ಹಣ್ಣಾದ ಮೇಲೆ ಹಳ್ಳಿಯ ಮಕ್ಕಳು ಹಣ್ಣನ್ನೂ ತಿನ್ನುತ್ತಾರೆ. ಅದೇ ಗಿಡದ ಹಸಿರು ಕಾಯಿಯಲ್ಲಿ ಸೋಲನೈನ್ ಎಂಬ ವಿಷ ಇರುತ್ತದೆ. ಗಿಡ ಒಂದೇ, ಕೊಂಬೆ ಒಂದೇ, ಕಾಯಿ ಹಣ್ಣಾಗುವ ಮೊದಲು ಒಂದು ರೀತಿ, ಆಮೇಲೆ ಇನ್ನೊಂದು ರೀತಿ. ಇದನ್ನು ಪೂರ್ತಿ ಕಲಿಯುವ ಮೊದಲೇ ಪಾಠವನ್ನು ಕೈಬಿಟ್ಟರೆ “ಇದು ತಿನ್ನುವ ಗಿಡ” ಎಂಬ ಅರ್ಧ ಮಾತು ಮಾತ್ರ ಮಗುವಿನ ತಲೆಯಲ್ಲಿ ಉಳಿಯುತ್ತದೆ. ನನಗೆ ಹೆಚ್ಚು ಭಯವಿರುವುದು ಅದರದ್ದೇ.

ನಾವು ಪಾಠ ನಿಲ್ಲಿಸಿದರೂ ಮಕ್ಕಳು ಪಾರ್ಕಿಗೆ ಹೋಗುವುದು ನಿಲ್ಲುವುದಿಲ್ಲ. ಸಂಜೆ ಆಡಲು ಹೋಗುತ್ತಾರೆ, ಅಜ್ಜ ಅಜ್ಜಿಯ ಜೊತೆ ವಾಕಿಂಗ್‌ಗೆ ಹೋಗುತ್ತಾರೆ. ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ, ರಸ್ತೆ ನಡುವಿನ ಪಟ್ಟಿಗಳಲ್ಲಿ ಚೆಂದಕ್ಕೆಂದು ಕಣಗಿಲೆ ಬೆಳೆಸಿದ್ದಾರೆ, ಹಳದಿ ಹೂವಿನ ಕಣಗಿಲೆಯೂ ಇದೆ. ಆ ಹಳದಿ ಕಣಗಿಲೆಯ ಕಾಯಿ ಮಗುವಿನ ಕೈಗೆ ಎಟುಕುವ ಎತ್ತರದಲ್ಲೇ ತೂಗುತ್ತಿರುತ್ತದೆ. ಅದರ ಬೀಜ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಸಾವೂ ಬರಬಹುದು. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಪಾಠದ ದಿನ ಒಬ್ಬ ಹುಡುಗ “ಮಿಸ್, ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದಂತೆ, ಅಲ್ವಾ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಈ ನಂಬಿಕೆ ದೊಡ್ಡವರಲ್ಲೂ ಇದೆ. ಕೋಗಿಲೆ ಹಳದಿ ಕಣಗಿಲೆಯ ಹಣ್ಣನ್ನು ತಿಂದು ಆರಾಮಾಗಿ ಹಾರಿಹೋಗುತ್ತದೆ. ಮನುಷ್ಯರ ದೇಹ ಅದನ್ನು ತಡೆಯುವುದಿಲ್ಲ. ಶಿಕ್ಷಕಿ ಆ ಗಿಡದ ಎದುರೇ ನಿಂತು ಇದನ್ನು ವಿವರಿಸಿದರು. ಗುಲಗಂಜಿ, ಉಮ್ಮತ್ತಿ, ಹರಳು ಗಿಡದ ಬೀಜ, ಮಳೆಗಾಲದಲ್ಲಿ ಹುಲ್ಲಿನ ಮೇಲೆ ಏಳುವ ಅಣಬೆ, ಇವೆಲ್ಲವನ್ನೂ ದೂರವಿಡಬೇಕೆಂದು ಈ ಪಾಠದಲ್ಲೇ ಹೇಳಿದ್ದೇವೆ. ನಮ್ಮ ಗೋಣಿ ಸೊಪ್ಪನ್ನೇ ಹೋಲುವ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಇನ್ನೊಂದು ಗಿಡವಿದೆ. ಕಡ್ಡಿ ಮುರಿದರೆ ಬಿಳಿ ಹಾಲು ಬರುತ್ತದೆ, ಗೋಣಿ ಸೊಪ್ಪಿನಲ್ಲಿ ಬರುವುದಿಲ್ಲ. ಇಷ್ಟು ಸಣ್ಣ ಗುರುತು ಗೊತ್ತಿಲ್ಲದವರು ಆ ಎರಡನ್ನೂ ಒಂದೇ ಪಾತ್ರೆಗೆ ಹಾಕಿಬಿಡುತ್ತಾರೆ.

ಆದ್ದರಿಂದ ಮತ್ತೆ ಹೇಳುತ್ತೇನೆ, ಪಾಠ ಮುಂದುವರಿಯುತ್ತದೆ.

ಪಾಠದ ಹೆಸರಿನಲ್ಲಿರುವ ‘ಆಪತ್ತು’ ಕೆಲವರಿಗೆ ಹೆದರಿಕೆ ಹುಟ್ಟಿಸಿದೆ. “ಬೆಂಗಳೂರಿನಲ್ಲಿ ಯಾವ ಆಪತ್ತು, ಮೂಲೆಮೂಲೆಗೆ ಅಂಗಡಿ ಇದೆ” ಎಂದಿದ್ದೀರಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಹೊರಗೆ ತಂದದ್ದನ್ನು ನಾವೆಲ್ಲ ನೋಡಿದ್ದೇವೆ. 2020ರ ಲಾಕ್‌ಡೌನ್‌ನ ಮೊದಲ ವಾರಗಳು ಈ ಮಕ್ಕಳಿಗೂ ಮಸುಕಾಗಿ ನೆನಪಿವೆ. ಇನ್ನೂ ಹಿಂದೆ, 1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನದಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆಗ ಕಾಡಿನ ಸೊಪ್ಪು, ಗೆಡ್ಡೆ ಹುಡುಕಿ ತಿಂದವರ ಮೊಮ್ಮಕ್ಕಳ ಮಕ್ಕಳು ನಾವು.

ಹಾಗೆಂದು ಪ್ರವಾಹ ಬಂದಾಗ ಪಾರ್ಕಿಗೆ ಓಡಿ ಎಂದು ನಾವು ಮಕ್ಕಳಿಗೆ ಹೇಳಿಲ್ಲ. ಇದು ತಪ್ಪಾಗಿ ಹರಡಿರುವುದರಿಂದ ಬಿಡಿಸಿ ಹೇಳುತ್ತೇನೆ. ಮನುಷ್ಯ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲ, ನೀರಿಲ್ಲದೆ ಕೆಲವೇ ದಿನ. ಹಾಗಾಗಿ ಶುದ್ಧ ನೀರಿನ ಚಿಂತೆ ಮೊದಲು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ತೂಕದ ಗೋಣಿ ಸೊಪ್ಪಿನಲ್ಲಿ 20ರ ಆಸುಪಾಸು. ಮಕ್ಕಳು ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿದ್ದಾರೆ. ಸೊಪ್ಪು ತಿಂದು ದಿನ ದೂಡಲಾಗುವುದಿಲ್ಲ ಎಂದು ಅವರೇ ಕಂಡುಕೊಂಡರು. ಅದಕ್ಕೇ ಮನೆಯಲ್ಲಿ ಅವಲಕ್ಕಿ, ಹುರಿಗಡಲೆ, ಬೆಲ್ಲ, ಕುಡಿಯುವ ನೀರು ಎತ್ತಿಡಬೇಕು, ತುರ್ತಾದರೆ 112ಕ್ಕೆ ಕರೆ ಮಾಡಬೇಕು ಎಂಬುದೂ ಪಾಠದ ಭಾಗ. ಪಾರ್ಕ್ ಮುಳುಗಿದ್ದರೆ ಅಲ್ಲಿನ ಸೊಪ್ಪಿನ ಮೇಲೆ ಚರಂಡಿ ನೀರೇ ಹರಿದಿರುತ್ತದೆ, ಅದು ಹಸಿದ ಹೊಟ್ಟೆಗೂ ಬೇಡ.

ಮಾಮೂಲಿ ದಿನಗಳಲ್ಲೂ ಪಾರ್ಕಿನ ಸೊಪ್ಪು ಅಡುಗೆಮನೆಗೆ ಬರಕೂಡದು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಪಾಠ ನಿಲ್ಲಿಸಿ ಎಂದವರಷ್ಟೇ ಪ್ರೀತಿಯಿಂದ ಇನ್ನು ಕೆಲವರು ಮಗಳು ತಂದ ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿದೆವು ಎಂದು ಫೋಟೊ ಕಳಿಸಿದ್ದೀರಿ. ನಿಮ್ಮ ಉತ್ಸಾಹ ಕಂಡು ಸಂತೋಷವಾಯಿತು, ಆದರೂ ಬೇಡ ಎನ್ನಲೇಬೇಕು. ಹೊನಗೊನ್ನೆ, ಒಂದೆಲಗ ತೇವದ ಜಾಗದಲ್ಲಿ ಬೆಳೆಯುತ್ತವೆ. ನಮ್ಮ ಊರಿನಲ್ಲಿ ತೇವದ ಜಾಗವೆಂದರೆ ಬಹಳ ಸಲ ರಾಜಕಾಲುವೆಯ ಅಂಚು. ಕೊಳಚೆ ನೀರಿನಲ್ಲಿರುವ ಭಾರ ಲೋಹಗಳನ್ನು ಗಿಡ ಬೇರಿನಿಂದ ಎಳೆದುಕೊಳ್ಳುತ್ತದೆ, ಎಷ್ಟು ತೊಳೆದರೂ ಅದು ಹೋಗದು. ಕಳೆನಾಶಕ ಹೊಡೆದ ಗಿಡ ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ. ನಾಯಿಗಳ ವಿಷಯ ನಿಮಗೇ ಗೊತ್ತು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಂತೂ ಒಂದು ಹೂವನ್ನೂ ಕೀಳುವಂತಿಲ್ಲ, ಉಳಿದ ಪಾರ್ಕುಗಳಲ್ಲೂ ನಮ್ಮ ಮಕ್ಕಳು ಅದೇ ಶಿಸ್ತನ್ನು ಪಾಲಿಸಬೇಕು.

ಈ ತಿಂಗಳಿನಿಂದ ಕೆಲವು ಬದಲಾವಣೆ ಮಾಡುತ್ತಿದ್ದೇವೆ. ಪಾರ್ಕಿಗೆ ಹೋಗುವಾಗ ವಿಜ್ಞಾನ ಶಿಕ್ಷಕಿಯ ಜೊತೆ ಇನ್ನಿಬ್ಬರು ಶಿಕ್ಷಕರು ಇರುತ್ತಾರೆ. ವಿಷದ ಗಿಡಗಳನ್ನು ಮೊದಲು ಕಲಿಸಿ, ಅವುಗಳನ್ನು ತಪ್ಪಿಲ್ಲದೆ ಗುರುತಿಸಿದ ಮೇಲೆಯೇ ತಿನ್ನುವ ಗಿಡಗಳ ಪಾಠಕ್ಕೆ ಹೋಗುತ್ತೇವೆ. ಮುಟ್ಟಿ, ಬಿಡಿಸಿ, ಬೇಯಿಸಿ ಕಲಿಯಲೆಂದು ಶಾಲೆಯ ಹಿತ್ತಲಲ್ಲಿ ಮಡಿ ಮಾಡಿ ಅಣ್ಣೆ, ಗಣಿಕೆ, ಗೋಣಿ, ಒಂದೆಲಗ ಬೆಳೆಸುತ್ತಿದ್ದೇವೆ. ಮಣ್ಣು, ನೀರು ಎರಡೂ ನಮ್ಮ ಕಣ್ಣೆದುರಿನವು.

ಈ ಮಡಿಗಳಿಗೆ ನಿಮ್ಮ ಮನೆಯ ಹಿರಿಯರು ಬರಬೇಕೆಂಬುದು ನನ್ನ ಬಹುದಿನದ ಆಸೆ. ಕೋಲಾರ, ತುಮಕೂರು, ಮಂಡ್ಯ ಕಡೆಯಿಂದ ಬಂದ ಅಜ್ಜಿಯರು ನಮ್ಮ ಮಕ್ಕಳ ಮನೆಗಳಲ್ಲಿದ್ದಾರೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಆಯ್ದು ಮಸ್ಸೊಪ್ಪು ಮಾಡಿ, ಮುದ್ದೆಯ ಜೊತೆ ಬಡಿಸಿದವರು ಅವರು. ಯಾವ ಎಲೆಯನ್ನು ಎಳೆಯದಾಗಿದ್ದಾಗ ಮಾತ್ರ ಕೀಳಬೇಕು, ಯಾವುದರ ನೀರು ಬಸಿದು ಚೆಲ್ಲಬೇಕು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿದೆ. ಪಠ್ಯಪುಸ್ತಕದಲ್ಲಿ ಅದು ಸಿಗುವುದಿಲ್ಲ. ಹೋದ ವಾರ ಒಬ್ಬ ಅಜ್ಜಿ ಬಂದು ನಮ್ಮ ಶಿಕ್ಷಕಿ ‘ಕೊಮ್ಮೆ’ ಎಂದು ತೋರಿಸಿದ ಗಿಡವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, “ಹೌದು ಕಣವ್ವಾ, ಇದೇ” ಎಂದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೆ ಕುರ್ಚಿ, ಕಾಫಿ, ಗೌರವ ಎಲ್ಲವೂ ನಮ್ಮ ಶಾಲೆಯಲ್ಲಿ ಕಾದಿವೆ.

ಇಷ್ಟಾದರೂ ಮನಸ್ಸು ಒಪ್ಪದ ಪೋಷಕರು ಬಂದು ನನ್ನನ್ನು ಕಾಣಿ. ನಿಮ್ಮ ಮಗುವನ್ನು ಪಾರ್ಕಿಗೆ ಕಳಿಸಲೇಬೇಕೆಂಬ ಒತ್ತಾಯವಿಲ್ಲ, ಆ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂತು ಅದೇ ಗಿಡಗಳ ಚಿತ್ರ ನೋಡಿ ಕಲಿಯಬಹುದು. ವಿಷದ ಗಿಡಗಳ ಪಾಠಕ್ಕೆ ಮಾತ್ರ ಎಲ್ಲ ಮಕ್ಕಳೂ ಕೂರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಮಗುವಿಗೆ ಅಲರ್ಜಿ, ಉಬ್ಬಸ ಏನಾದರೂ ಇದ್ದರೆ ಡೈರಿಯಲ್ಲಿ ಬರೆದು, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಿ.

ಮಾತಾಡಬೇಕೆನ್ನುವವರಿಗಾಗಿ ಶನಿವಾರ ಬೆಳಿಗ್ಗೆ 10ರಿಂದ 12ರ ವರೆಗೆ ನಾನು ಹಿತ್ತಲಿನ ಮಡಿಗಳ ಹತ್ತಿರವೇ ಇರುತ್ತೇನೆ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ