ಒಂದು ಲೀಟರ್ ನೀರಿಗೆ ಅನುಮತಿ ಕೊಡಿ, ಸ್ವಾಮಿ

ಮಾನ್ಯ ಪರಿಸರ ಸಚಿವರಿಗೆ ನಮಸ್ಕಾರಗಳು.

ಅರ್ಜಿ ಕೊಟ್ಟಾಯಿತು, ನೆನಪೋಲೆ ಕಳಿಸಿದ್ದಾಯಿತು, ಮತ್ತೆ ಅರ್ಜಿಯೂ ಆಯಿತು. ಯಾವುದಕ್ಕೂ ಉತ್ತರವಿಲ್ಲ. ಹಾಗಾಗಿ ಈಗ ಎಲ್ಲರ ಮುಂದೆಯೇ ಕೇಳುತ್ತಿದ್ದೇನೆ.

ನಾವು ಬೆಟ್ಟ ಹತ್ತುವವರು, ಹೊಳೆಯಲ್ಲಿ ಕಯಾಕ್ ನಡೆಸುವವರು. ಹೇಗೂ ಅಲ್ಲಿಗೆ ಹೋಗುತ್ತೇವೆ. ಬರುವಾಗ ಒಂದೊಂದು ಲೀಟರ್ ನೀರು ಹೊತ್ತು ತಂದು ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಚೂರು, ಎಳೆಗಳನ್ನು ಹುಡುಕುವ ಸಂಶೋಧಕರಿಗೆ ಕೊಡುತ್ತೇವೆ. ಸಂಬಳ ಇಲ್ಲ, ಭತ್ಯೆ ಇಲ್ಲ, ಕೇಳಿಯೂ ಇಲ್ಲ. ಇದಕ್ಕೆ ಯಾರ ಸಹಿ ಬೇಕು, ಯಾವ ನಿಯಮ ಏನು ಹೇಳುತ್ತದೆ ಅನ್ನೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ನಮಗೆ ಬೇಕಾದದ್ದು ಆ ಸಹಿ ಇರುವ ಒಂದು ಹಾಳೆ, ಅಷ್ಟೇ.

ನೀರು ತುಂಬಿಸುವುದು ಅಂದರೆ ಸುಮ್ನೆ ಬಾಟಲಿ ಮುಳುಗಿಸುವುದಲ್ಲ. ಅದೇ ಹೊಳೆಯ ನೀರಿನಲ್ಲಿ ಬಾಟಲಿಯನ್ನೂ ಮುಚ್ಚಳವನ್ನೂ ಮೂರು ಸಲ ತೊಳೆಯಬೇಕು. ಹರಿವಿಗೆ ಎದುರಾಗಿ ನಿಂತು ತುಂಬಿಸಬೇಕು. ನೀರಿನೊಳಗೇ ಮುಚ್ಚಳ ಬಿಗಿಯಬೇಕು. ಹಾಕಿಕೊಂಡ ಜಾಕೆಟ್ಟಿನ ಬಣ್ಣವನ್ನೂ ಬರೆದಿಡಬೇಕು. ನಮ್ಮ ಬಟ್ಟೆಯಿಂದ ಉದುರಿದ ಎಳೆಯನ್ನು ಹೊಳೆಯ ಲೆಕ್ಕಕ್ಕೆ ಸೇರಿಸಬಾರದು, ಅಲ್ವಾ? ಕೈ ಮರಗಟ್ಟುವ ಚಳಿಯಲ್ಲೂ ನಮ್ಮ ಹುಡುಗರು ಇಷ್ಟನ್ನೂ ಮಾಡುತ್ತಾರೆ.

ಹಾಗೆ ತಂದ ಬಾಟಲಿಗಳನ್ನು ನಿಮ್ಮ ಇಲಾಖೆಯ ಗೇಟಿನಲ್ಲಿ ತಡೆದರು. "ಪರಿಶೀಲನೆ" ಅಂದರು. ರಸೀದಿ ಕೇಳಿದರೆ ನಕ್ಕರು. ತಿಂಗಳುಗಟ್ಟಲೆ ಅಲೆದ ಮೇಲೆ ಒಂದು ದಿನ ಕಚೇರಿಯ ಒಳಗೆ ಬಿಟ್ಟರು. ಅರ್ಧಕ್ಕರ್ಧ ಬಾಟಲಿಗಳು ಖಾಲಿ. ಉಳಿದವುಗಳಲ್ಲಿ ಒಂದು ಬಾಟಲಿ ತುಂಬಿತ್ತು. ಅದು ಮೇಜಿನ ಮೇಲಿತ್ತು, ಅದರಲ್ಲಿ ಮನಿ ಪ್ಲಾಂಟ್ ಇತ್ತು! ಬಾಟಲಿಯ ಚೀಟಿ ಹಾಗೇ ಇತ್ತು: ತಾರೀಖು, ಎತ್ತರ, "ಕೆಂಪು ಜಾಕೆಟ್". ಗಿಡ ಚೆನ್ನಾಗಿ ಚಿಗುರಿತ್ತು, ಸ್ವಾಮಿ. ನಿಮ್ಮ ಇಲಾಖೆ ಪರಿಸರಕ್ಕಾಗಿ ಏನೂ ಮಾಡುವುದಿಲ್ಲ ಅಂತ ಇನ್ನು ಮೇಲೆ ಯಾರೂ ಹೇಳುವಂತಿಲ್ಲ.

ಆ ಹೊಳೆಗೆ ಮತ್ತೆ ಹೋಗಬಹುದು. ಆದರೆ ಆ ದಿನದ ನೀರು ಮತ್ತೆ ಸಿಗುತ್ತದೆಯೇ?

ಬೇರೆ ಕಡೆ ಈ ಕೆಲಸ ನಡೆದಿದೆ. ಅಮೆರಿಕದ ಮೊಂಟಾನಾದಲ್ಲಿ ಗ್ಯಾಲಟಿನ್ ನದಿಯ ಉದ್ದಕ್ಕೂ 2015ರಿಂದ 2017ರವರೆಗೆ ಅಡ್ವೆಂಚರ್ ಸೈಂಟಿಸ್ಟ್ಸ್ ಸಂಸ್ಥೆಯ ಸ್ವಯಂಸೇವಕರು ಹೀಗೇ ನೀರು ತಂದರು. ಅರ್ಧಕ್ಕಿಂತ ಜಾಸ್ತಿ ಮಾದರಿಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಸಿಕ್ಕಿತು. 2019ರಲ್ಲಿ ಎವರೆಸ್ಟ್ ಹತ್ತಿದವರು 8,440 ಮೀಟರ್ ಎತ್ತರದಿಂದ ಹಿಮ ತಂದರು. ಅಲ್ಲೂ ಇತ್ತು, ಹೆಚ್ಚಾಗಿ ಪಾಲಿಯೆಸ್ಟರ್ ಎಳೆಗಳು. ಅಷ್ಟು ಎತ್ತರದ ಹಿಮ ಲ್ಯಾಬಿಗೆ ತಲುಪುತ್ತದೆ. ನಮ್ಮ ಒಂದು ಲೀಟರ್ ನೀರು ನಿಮ್ಮ ಗೇಟು ದಾಟುವುದಿಲ್ಲ.

ವಿಜ್ಞಾನಿಗಳು ಪ್ರತಿ ಹೊಳೆಗೂ, ಪ್ರತಿ ಶಿಖರಕ್ಕೂ ಹೋಗಲು ಆಗುವುದಿಲ್ಲ. ನಾವು ಹೋಗುತ್ತೇವೆ. ತಡೆಯಬೇಡಿ, ಅನುಮತಿ ಪತ್ರ ಕೊಡಿ. "ಕಡತ ಪರಿಶೀಲನೆಯಲ್ಲಿದೆ" ಅಂತ ಮತ್ತೆ ಬರೆಯಬೇಡಿ, ಅನುಮತಿ ಪತ್ರ ಕೊಡಿ. ಸಭೆ, ಸಮಿತಿ, ಕಾರ್ಯಾಗಾರ ಯಾವುದೂ ಬೇಡ. ಕಾರ್ಯಾಗಾರದಲ್ಲಿ ಹೇಗೂ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ಕೊಡುತ್ತೀರಿ.

ಮಾದರಿ ಬಾಟಲಿಗಳನ್ನು ಮುಟ್ಟಬಾರದು ಎಂದು ಗೇಟಿನವರಿಗೆ ಲಿಖಿತ ಆದೇಶ ಕಳಿಸಿ. ಹಿಡಿದಿಟ್ಟ ಬಾಟಲಿಗಳನ್ನು ವಾಪಸ್ ಕೊಡಿಸಿ. ಮಳೆಗಾಲಕ್ಕೆ ಮೊದಲು ಅನುಮತಿ ಪತ್ರ ಕೈಗೆ ಬರಲಿ. ಹೊಳೆ ಕೆಂಪಾಗಿ ಹರಿಯಲು ಶುರುವಾದರೆ ಈ ವರ್ಷದ ಕೆಲಸ ಹೋದ ಹಾಗೇ.

ಇಂತಿ,
ನೀರು ಹೊರುವವರಲ್ಲೊಬ್ಬ