ಮಗಳಿಗೊಂದು ಪತ್ರ: ಎರಡು ಚೀಲ ರಂಜಕ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕೊಟ್ಟಿಗೆಯ ಹಿಂದಿನ ತೆಂಗಿನ ಮರ ಹೋದ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಸಿಡಿಲು ಬಡಿದ ರಾತ್ರಿ ಸುಳಿ ದೀವಟಿಗೆಯ ಹಾಗೆ ಉರಿಯಿತು. ನಾಲ್ಕು ದಿನಕ್ಕೆ ಗರಿಗಳೆಲ್ಲ ಜೋತುಬಿದ್ದವು. ಅಜ್ಜಿ ಎಂದಿನಂತೆ ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಜಪಿಸುತ್ತ ಕುಳಿತಿದ್ದರು. ಬೆಳಿಗ್ಗೆ ಎದ್ದು, ‘ಮನೆ ಬಿಟ್ಟು ಮರಕ್ಕೆ ಬಿತ್ತಲ್ಲ, ಜಪ ಫಲಿಸಿತು’ ಎಂದರು. ಅದಕ್ಕೆ ಎದುರು ವಾದ ನನ್ನ ಬಳಿ ಇಲ್ಲ.

‘ಸಿಡಿಲಿನಿಂದ ಯಾರಿಗಾದರೂ ಉಪಯೋಗ ಆಗಿದ್ದುಂಟೇ ಅಪ್ಪ?’ ಎಂದು ನೀನು ಕೇಳಿದೆ. ಆಗ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಕಿವಿಯಲ್ಲೇ ಉಳಿಯಿತು. ಬಹುಶಃ ನಿನಗೂ ನನಗೂ ಆ ಸುಟ್ಟ ತೆಂಗಿಗೂ ಆಗಿದೆ. ಇಲ್ಲಿ ‘ಬಹುಶಃ’ ಎಂಬ ಪದವನ್ನು ಅಳೆದೇ ಹಾಕಿದ್ದೇನೆ.

ನನಗೆ ಗೊತ್ತಿರುವ ಕಡೆಯಿಂದ ಶುರುಮಾಡುತ್ತೇನೆ. ನಮ್ಮ ತೋಟದ್ದು ಜಂಬಿಟ್ಟಿಗೆಯ ಹುಳಿಮಣ್ಣು. ವರ್ಷವರ್ಷವೂ ಅಡಿಕೆ ಬುಡಕ್ಕೆ ರಂಜಕದ, ಅಂದರೆ ಫಾಸ್ಫರಸ್‌ನ, ಗೊಬ್ಬರ ಹಾಕುತ್ತೇವೆ. ಅದರಲ್ಲಿ ಹೆಚ್ಚಿನ ಪಾಲನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬುಡದಲ್ಲೇ ರಂಜಕ ಇದ್ದರೂ ಬೇರಿಗೆ ದಕ್ಕುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ಎಳೆಯ ಭೂಮಿಯ ಕಷ್ಟವೂ ಇದೇ ಆಗಿತ್ತು. ಕಲ್ಲುಗಳಲ್ಲಿ ರಂಜಕ ಇತ್ತು, ಆದರೆ ಅಪಟೈಟ್‌ನಂಥ ಖನಿಜಗಳಲ್ಲಿ ಕ್ಯಾಲ್ಸಿಯಂ ಜೊತೆ ಬಿಗಿದುಕೊಂಡಿತ್ತು. ಅಂಥ ಖನಿಜ ನೀರಿನಲ್ಲಿ ಕರಗುವುದು ಅತ್ಯಲ್ಪ. ಒಂದೊಂದು ರಂಜಕದ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳು ಕಾವಲು ನಿಂತಿರುತ್ತವೆ. ಆದರೆ ಜೀವಕ್ಕೆ ರಂಜಕ ಬೇಕೇ ಬೇಕು. ಡಿಎನ್‌ಎ ಏಣಿಯ ಎರಡು ಕಂಬಗಳಲ್ಲಿ, ಜೀವಕೋಶದ ಪೊರೆಯಲ್ಲಿ, ನಾವು ಉಸಿರಾಡಿ ಗಳಿಸುವ ಶಕ್ತಿಯನ್ನು ಹೊತ್ತು ತಿರುಗುವ ಎಟಿಪಿಯಲ್ಲಿ, ಎಲ್ಲ ಕಡೆಯೂ ಅದಿದೆ. ಹಾಗಾದರೆ ಮೊದಲ ಜೀವಿಗೆ ಈ ಬೀಗ ತೆಗೆದುಕೊಟ್ಟವರು ಯಾರು?

ಬಹುಕಾಲದ ಉತ್ತರ ಉಲ್ಕಾಶಿಲೆ. ಆಕಾಶದಿಂದ ಬೀಳುವ ಕೆಲವು ಕಲ್ಲುಗಳಲ್ಲಿ ಕಬ್ಬಿಣ, ನಿಕ್ಕಲ್, ರಂಜಕ ಸೇರಿದ ಶ್ರೈಬರ್‌ಸೈಟ್ ಎಂಬ ಖನಿಜ ಇರುತ್ತದೆ. ಅದರಲ್ಲಿ ರಂಜಕದ ಸುತ್ತ ಆಮ್ಲಜನಕದ ಕಾವಲಿಲ್ಲ. ನೀರು ತಾಗಿದರೆ ಅದು ನಿಧಾನವಾಗಿ ಸವೆದು, ಫಾಸ್ಫೈಟ್‌ನಂಥ ಸಲೀಸಾಗಿ ಕರಗುವ ರೂಪಗಳನ್ನು ಬಿಟ್ಟುಕೊಡುತ್ತದೆ. ಆದರೆ ಭೂಮಿಗೆ ವಯಸ್ಸಾದಂತೆ ಉಲ್ಕೆಗಳ ಮಳೆ ಕಡಿಮೆಯಾಗುತ್ತ ಬಂತು.

ಈಗ ಅಮೆರಿಕದ ಇಲಿನಾಯ್‌ಗೆ ಬಾ. 2016ರಲ್ಲಿ ಷಿಕಾಗೊ ಹೊರವಲಯದ ಗ್ಲೆನ್ ಎಲಿನ್ ಎಂಬಲ್ಲಿ ಜೇಡಿಮಣ್ಣಿಗೆ ಸಿಡಿಲು ಬಡಿಯಿತು. ಮಿಂಚು ಹಾದ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ಸೂರ್ಯನ ಮೇಲ್ಮೈಯೇ 5,500 ಡಿಗ್ರಿಯ ಆಸುಪಾಸಿನಲ್ಲಿದೆ. ಮಣ್ಣು ಕಣ್ಣೆವೆ ಮುಚ್ಚುವುದರೊಳಗೆ ಕರಗಿ ಗಾಜಾಯಿತು. ಇಂಥ ಗಾಜಿಗೆ ಫಲ್ಗುರೈಟ್ ಎನ್ನುತ್ತಾರೆ. ಲ್ಯಾಟಿನ್ನಿನ ‘ಫಲ್ಗುರ್’ ಎಂದರೆ ಮಿಂಚು. (ಅಜ್ಜಿಯ ಫಲ್ಗುಣನಿಗೂ ಇದಕ್ಕೂ ನಂಟಿಲ್ಲ. ಅವನು ಫಲ್ಗುನೀ ನಕ್ಷತ್ರದವನು. ಇದನ್ನು ನಿನ್ನ ಚಿಕ್ಕಪ್ಪನಿಗೆ ಹೇಳಬೇಡ, ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಪುರಾಣ ಸಿದ್ಧವಾಗಿರುತ್ತದೆ.)

ಆ ಗಾಜು ಹತ್ತಿರದ ವೀಟನ್ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಸೇರಿತು. ಅಲ್ಲಿನ ವಿದ್ಯಾರ್ಥಿ ಬೆಂಜಮಿನ್ ಹೆಸ್, ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರ ಜೊತೆ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಾಜಿನೊಳಗೆ ಶ್ರೈಬರ್‌ಸೈಟ್ ಕಣಗಳಿದ್ದವು! ಆಕಾಶದಿಂದ ಬರುತ್ತದೆ ಎಂದುಕೊಂಡಿದ್ದ ಖನಿಜ, ಸಿಡಿಲಿನ ಮೂಸೆಯಲ್ಲಿ ಊರಿನ ಮಣ್ಣಿನಿಂದಲೇ ತಯಾರಾಗಿತ್ತು. ಅಷ್ಟು ಉರಿಯಲ್ಲಿ ಆಮ್ಲಜನಕ ರಂಜಕವನ್ನು ಬಿಟ್ಟಿತು, ಬಿಡುಗಡೆಯಾದ ರಂಜಕ ಕಬ್ಬಿಣವನ್ನು ಹಿಡಿಯಿತು. ಕಬ್ಬಿಣ ತೆಗೆಯುವ ಕುಲುಮೆಯಲ್ಲಿ ಇದ್ದಿಲು ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದಲ್ಲ, ಅದೇ ಜಾತಿಯ ಕೆಲಸ.

ನೀನು ಪಿಯುಸಿಯಲ್ಲಿ ಓದಿದ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗವೂ ಷಿಕಾಗೊದಲ್ಲೇ ನಡೆದದ್ದು. 1953ರಲ್ಲಿ ಪ್ರಕಟವಾಯಿತು. ಮೀಥೇನ್, ಅಮೋನಿಯ, ಜಲಜನಕ, ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಅಮೈನೋ ಆಮ್ಲ ಪಡೆದರು. ಅಲ್ಲಿ ಎಲ್ಲರ ಕಣ್ಣೂ ಗಾಳಿಯ ಮೇಲಿತ್ತು. ಸಿಡಿಲು ಕೊನೆಗೆ ಹೋಗಿ ಬೀಳುವುದು ನೆಲಕ್ಕೆ ಎಂಬುದು ನಮ್ಮಂಥ ರೈತರಿಗೆ ಚೆನ್ನಾಗಿ ಗೊತ್ತು.

ಹೆಸ್ ತಂಡ 2021ರಲ್ಲಿ ಲೆಕ್ಕ ಪ್ರಕಟಿಸಿತು. ಈಗ ಭೂಮಿಯಲ್ಲಿ ವರ್ಷಕ್ಕೆ ಸುಮಾರು 56 ಕೋಟಿ ಮಿಂಚು. ಎಳೆಯ ಭೂಮಿಯ ವಾತಾವರಣದಲ್ಲಿ ಅದು 100ರಿಂದ 500 ಕೋಟಿ ಇದ್ದಿರಬಹುದು. ಅವುಗಳಲ್ಲಿ ನೆಲಕ್ಕೆ ಬಿದ್ದವು 10ರಿಂದ 100 ಕೋಟಿ. ಇದರಿಂದ ಹೀಗೆ ಬಿಡುಗಡೆಯಾಗುವ ರಂಜಕ ವರ್ಷಕ್ಕೆ 110 ಕಿಲೋದಿಂದ 11,000 ಕಿಲೋ. ಸುಮಾರು 350 ಕೋಟಿ ವರ್ಷಗಳ ಹಿಂದಿನ ಹೊತ್ತಿಗೆ ಸಿಡಿಲಿನ ಪಾಲು ಉಲ್ಕೆಯ ಪಾಲನ್ನು ಮೀರಿರಬಹುದು ಎಂದು ಅವರ ಅಂದಾಜು.

ನಾನು ಕೂಡಲೇ ಚೀಲದ ಲೆಕ್ಕಕ್ಕೆ ಇಳಿಸಿದೆ. 50 ಕಿಲೋ ಚೀಲದಲ್ಲಿ ಎರಡು ಚೀಲಕ್ಕೆ ಸ್ವಲ್ಪ ಮೇಲಿನಿಂದ 220 ಚೀಲ. ಇಡೀ ಭೂಮಿಗೆ! ಜೂನ್ ತಿಂಗಳಲ್ಲಿ ನಮ್ಮ ಸೊಸೈಟಿಯ ಗೋದಾಮಿನಲ್ಲೇ ಅದಕ್ಕಿಂತ ಹೆಚ್ಚು ಚೀಲಗಳಿರುತ್ತವೆ. ಜೊತೆಗೆ ಎರಡು ಎಲ್ಲಿ, 220 ಎಲ್ಲಿ? ಇಂಥ ಲೆಕ್ಕ ಬರೆದರೆ ನಮ್ಮ ಸೊಸೈಟಿಯ ಗುಮಾಸ್ತರು ಪುಸ್ತಕವನ್ನೇ ಎಸೆದಾರು. ಆದರೆ ಆ ಅಗಲವನ್ನು ಮುಚ್ಚಿಡದೆ ಬರೆದದ್ದೇ ನನಗೆ ಮೆಚ್ಚುಗೆಯಾಯಿತು. ಆಗ ಸಮುದ್ರದ ಮೇಲೆ ಎಷ್ಟು ನೆಲ ತಲೆ ಎತ್ತಿತ್ತು, ಮೋಡ ಎಷ್ಟು ಗುಡುಗುತ್ತಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಷ್ಟು ಕಡಿಮೆ ಸಾಕೇ ಎಂಬ ಅನುಮಾನ ನನಗೂ ಬಂತು. ಆದರೆ ಗೊಬ್ಬರವನ್ನು ತೋಟವಿಡೀ ಎರಚುವುದು ಬೇರೆ, ಬುಡಕ್ಕೆ ಕೊಡುವುದು ಬೇರೆ. ಜೀವ ಹುಟ್ಟಲು ಸಾಗರವೆಲ್ಲ ಹದವಾಗಬೇಕಿಲ್ಲ. ಯಾವುದೋ ದ್ವೀಪದ ಒಂದು ಹೊಂಡದ ಬದಿಗೆ ಸಿಡಿಲು ಬಡಿದು, ಆ ಗಾಜು ಹೊಂಡದ ನೀರಿನಲ್ಲಿ ನೆನೆದರೂ ಆದೀತು. ಉಲ್ಕೆ ಬಂದರೆ ಬಂತು. ಸಿಡಿಲು ಮಾತ್ರ ನೂರಾರು ಕೋಟಿ ವರ್ಷ ಬಿಡದೆ ಬಂದಿದೆ.

ಇಷ್ಟೆಲ್ಲ ಓದಿಕೊಂಡು ಸುಮ್ಮನಿರಲಾಗದೆ ನಿನ್ನೆ ಹಾರೆ ಹಿಡಿದು ತೆಂಗಿನ ಬುಡ ಅಗೆದೆ. ಮೂರಡಿ ಹೋದರೂ ಗಾಜು ಸಿಗಲಿಲ್ಲ. ಸಿಕ್ಕಿದ್ದು ಕರಕಲು ಬೇರು, ಜಂಬಿಟ್ಟಿಗೆ ಮತ್ತು ನೀನು ಮೂರನೇ ಕ್ಲಾಸಿನಲ್ಲಿ ಕಳೆದುಕೊಂಡ ಸ್ಟೀಲ್ ಚಮಚ. ಅಮ್ಮ ಅಂಗಳದಲ್ಲಿ ನಿಂತು ಬೈದಳು, ಆಮೇಲೆ ಚಮಚ ತೊಳೆದು ಒಳಗಿಟ್ಟಳು. ಗುಂಡಿಯನ್ನು ಮುಚ್ಚಿಲ್ಲ. ಮುಂದಿನ ವಾರ ಅದರಲ್ಲೇ ಹೊಸ ತೆಂಗಿನ ಸಸಿ ನೆಡುತ್ತೇನೆ, ಬುಡಕ್ಕೆ ಎರಡು ಬೊಗಸೆ ಶಿಲಾರಂಜಕದ (ರಾಕ್ ಫಾಸ್ಫೇಟ್) ಗೊಬ್ಬರ ಹಾಕಿ.

ನಿನ್ನ ಛತ್ರಿ ಇಲ್ಲೇ ಉಳಿದಿದೆ. ಶನಿವಾರದ ಬಸ್ಸಿನಲ್ಲಿ ಕಳಿಸುತ್ತೇನೆ, ಕಂಡಕ್ಟರ್ ಹತ್ತಿರ ಕೇಳಿ ತೆಗೆದುಕೊ.

ಇಂತಿ,
ಅಪ್ಪ