ಕಾಜುಬಾಗದಲ್ಲಿ ಆ ರಾತ್ರಿ ನಿಂತ ಅಣ್ಣನಿಗೆ

ದೀಪಾವಳಿಗೆ ನಾವೆಲ್ಲ ಶಿರಸಿಯ ಅಜ್ಜನಮನೆಯಲ್ಲಿದ್ದೆವು. ಇತ್ತ ಕಾರವಾರದ ಕಾಜುಬಾಗದಲ್ಲಿ ನಮ್ಮ ಮನೆಯ ಹಿತ್ತಿಲ ಬಾಗಿಲ ಚಿಲಕ ಮುರಿಯುವ ಸದ್ದು ಕೇಳಿ ನಿಂತವರು ನೀವು. ಗುರುತು ಪರಿಚಯವಿಲ್ಲದ ಮನೆ ಅದು ನಿಮಗೆ. ಒಬ್ಬರೇ ಒಳಗೆ ನುಗ್ಗದೆ 112ಕ್ಕೆ ಕರೆ ಮಾಡಿ, ಪಕ್ಕದ ಮನೆಯ ಅಕ್ಕೋರನ್ನು ಎಬ್ಬಿಸಿ, ಪೊಲೀಸರು ಬರುವತನಕ ಕಾದಿರಿ. ಎಷ್ಟು ಸರಿಯಾದ ಧೈರ್ಯ! ಕಳ್ಳರು ಕಾಂಪೌಂಡ್ ಹಾರಿ ಓಡಿದರು, ಅಮ್ಮನ ಅವಲಕ್ಕಿ ಸರ ಕಪಾಟಿನಲ್ಲೇ ಉಳಿಯಿತು.

ಹೆಸರು ಹೇಳದೇ ಹೊರಟಿರಂತೆ. ಆದರೆ ಹೋಗುವಾಗ, "ಹಗಲೂ ಉರಿಯೋ ಲೈಟು ಮನೇಲಿ ಯಾರಿಲ್ಲ ಅಂತ ಸಾರ್ತದೆ, ಸಂಜೆ ಹಾಕಿ ಬೆಳಿಗ್ಗೆ ಆರಿಸೋರು ಬೇಕು" ಅಂದಿರಂತೆ. ಈಗ ನಾವು ಊರಿಗೆ ಹೋದಾಗ ಅಕ್ಕೋರೇ ಆ ಕೆಲಸ ಮಾಡುತ್ತಾರೆ, ಬಾಗಿಲಿಗೆ ಬಿದ್ದ ಪೇಪರ್ ಎತ್ತಿಡುತ್ತಾರೆ.

ಅಣ್ಣಾ, ತುಂಬು ಮನಸ್ಸಿನ ಧನ್ಯವಾದ. ಇದು ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬನ್ನಿ, ಅಮ್ಮ ನಿಮ್ಮನ್ನು ನೋಡಬೇಕಂತೆ.